ಹದಿನೇಳನೇ ಟೋಕನ್

"ಹದಿನೇಳು" ಎಂದು ಕ್ಲಿನಿಕ್ಕಿನ ಬಾಗಿಲಲ್ಲಿ ಅಟೆಂಡರ್ ಪದ್ಮಯ್ಯ ಕೂಗಿದ. ಒಳಗೆ ಬಂದವಳು ಮಕ್ಕಳ ಡಾಕ್ಟರ್ ಅಶ್ವಥನ ಸ್ವಂತ ಮಗಳು, ಆರು ವರ್ಷದ ಅನುಶ್ರೀ. ಯೂನಿಫಾರ್ಮ್ ಇನ್ನೂ ಬಿಚ್ಚಿರಲಿಲ್ಲ. ಬಲಗೈಯಲ್ಲಿ ನೀಲಿ ಟೋಕನ್ ಇತ್ತು, ಎಡಗೈ ಮುಷ್ಟಿ ಕಟ್ಟಿತ್ತು, ಮೂಗಿನ ಎಡ ಹೊಳ್ಳೆ ಎಂದಿನಂತೆ ಸೋರುತ್ತಿತ್ತು.

"ಇದೇನ್ರಿ ಪದ್ಮಯ್ಯ ಆಟ? ಹೊರಗೆ ಅಷ್ಟು ಜನ ಕಾಯ್ತಿದಾರೆ."

"ಆಟ ಅಲ್ಲ ಸರ್. ಸ್ಕೂಲಿಂದ ಬಂದವಳು ಒಂದು ಗಂಟೆಯಿಂದ ಲೈನಲ್ಲಿ ಕೂತಿದ್ದಾಳೆ. ಟೋಕನ್ ಉಂಟಲ್ಲ, ಬಿಡುದಿಲ್ಲ ಅಂತ ನಾನು ಹೇಗೆ ಹೇಳುದು?" ಪುರಸಭೆ ಸದಸ್ಯರನ್ನೂ ಟೋಕನ್ ಇಲ್ಲದೆ ಒಳಗೆ ಬಿಡದ ಮನುಷ್ಯ ಅವನು.

ಈ ಮೂಗಿನ ಕಥೆ ಶುರುವಾಗಿ ಒಂಬತ್ತು ದಿನವಾಗಿತ್ತು. ಮೊದಲು ನೀರು, ಆಮೇಲೆ ಕೀವು, ಈಗ ಪಕ್ಕದಲ್ಲಿ ಕೂತು ಊಟ ಮಾಡಲಾಗದಂಥ ವಾಸನೆ. ಅಶ್ವಥ್ ರೊಟ್ಟಿ ತಿನ್ನುತ್ತಲೇ ಒಂದು ಸಿರಪ್ ಹೇಳಿದ್ದ. ಅವನ ಹೆಂಡತಿ ವೀಣಾ ಕಿವಿ, ಮೂಗು, ಗಂಟಲಿನ ಡಾಕ್ಟರ್. ಅದೇ ಕ್ಲಿನಿಕ್ಕಿನ ಎದುರು ಕೋಣೆ ಅವಳದು. ಅವಳು ಮಗಳಿಗೆ ಜಡೆ ಹಾಕುತ್ತಲೇ ಇನ್ನೊಂದು ಸಿರಪ್ ಹೇಳಿದ್ದಳು. ಮಗು ಅಂದಮೇಲೆ ಅವರು ನೋಡಿರುತ್ತಾರೆ ಎಂದು ಅವಳು. ಮೂಗು ಅಂದಮೇಲೆ ಅವಳು ನೋಡಿರುತ್ತಾಳೆ ಎಂದು ಇವನು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಈ ಮನೆಯಲ್ಲಿ ಜಗಳವೇ ಇರಲಿಲ್ಲ, ಒಬ್ಬರ ವಿದ್ಯೆಯ ಮೇಲೆ ಇನ್ನೊಬ್ಬರಿಗೆ ಅಪಾರ ಗೌರವವಿತ್ತು. ಕೂಸು ಮಾತ್ರ ಬಡವಾಗಿತ್ತು.

ಎರಡು ಸಿರಪ್ಪಿಗೂ ಮೂಗು ಬಗ್ಗದಿದ್ದಾಗ ಅಶ್ವಥನಿಗೆ ಹೆದರಿಕೆ ಹತ್ತಿತು. ಬೇರೆಯವರ ಮಗುವಾಗಿದ್ದರೆ ತಲೆಗೇ ಬಾರದ ಕಾಯಿಲೆಗಳು, ಪರೀಕ್ಷೆಗೆ ಓದಿ ಮರೆತಿದ್ದವು, ಒಂದೊಂದಾಗಿ ಎದ್ದು ಬಂದವು. ಎರಡು ದಿನದಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ. ನಾಳೆ ಬೆಳಿಗ್ಗೆ ಮೈಸೂರಿನಲ್ಲಿ ಸ್ಕ್ಯಾನ್ ಎಂದು ನಿಗದಿಯಾಗಿತ್ತು. ಅದನ್ನು ಕೇಳಿದಾಗಿನಿಂದ ಅನುಶ್ರೀಯೂ ಮಂಕಾಗಿದ್ದಳು.

ಈಗ ಅವಳು ಎದುರಿನ ತಿರುಗುವ ಸ್ಟೂಲ್ ಹತ್ತಿ ಕೂತಳು. ಆ ಸ್ಟೂಲಿನ ಮೇಲೆ ಯಾರು ಕೂತರೂ ಅವನ ಕೈಬಾಯಿಗೆ ಹದಿನೈದು ವರ್ಷದ ಅಭ್ಯಾಸ. ಕೈ ತಾನಾಗಿಯೇ ಟಾರ್ಚ್ ತೆಗೆದುಕೊಂಡಿತು, ಬಾಯಿ ತಾನಾಗಿಯೇ ಕೇಳಿತು.

"ಏನಮ್ಮ ತೊಂದ್ರೆ? ಎಷ್ಟು ದಿನದಿಂದ?"

"ಅಜ್ಜಿ ಮನೆ ಕಣದಲ್ಲಿ ಮೆಣಸು ಒಣಗಿಸಿದ್ರಲ್ಲ, ಆವತ್ತಿಂದ. ಒಂದು ಕಾಳು ಮೂಗಲ್ಲಿ ಹಾಕ್ಕೊಂಡೆ. ಬರ್ತಾನೇ ಇಲ್ಲ."

ಅಶ್ವಥ್ ಟಾರ್ಚ್ ಬಿಟ್ಟು ನೋಡಿದ. ನೆನೆದು ಉಬ್ಬಿದ ಕಾಳುಮೆಣಸು ಅಲ್ಲಿ ಕಪ್ಪಗೆ ಕೂತಿತ್ತು. ಬೈಯಬೇಕೋ ತಬ್ಬಿಕೊಳ್ಳಬೇಕೋ ಅವನಿಗೆ ತಿಳಿಯಲಿಲ್ಲ. ಎರಡು ದಿನದ ಹೆದರಿಕೆ ಒಮ್ಮೆಗೇ ಇಳಿದು ಕಣ್ಣು ತುಂಬಿ ಬಂತು.

"ನಂಗ್ಯಾಕೆ ಹೇಳ್ಲಿಲ್ಲ ಪುಟ್ಟಿ?"

"ಮನೇಲಿ ನೀನು ಕೇಳೋದೇ ಇಲ್ವಲ್ಲಪ್ಪ. ಇಲ್ಲಾದ್ರೆ ಎಲ್ಲರನ್ನೂ ಕೇಳ್ತೀಯ."

ಅವನು ಟಾರ್ಚ್ ಕೆಳಗಿಟ್ಟ. ನೆಲ್ಯಹುದಿಕೇರಿಯಿಂದ, ಪಾಲಿಬೆಟ್ಟದಿಂದ ಬರುವ ಎಷ್ಟೋ ತಾಯಂದಿರಿಗೆ ತಾನೇ ಹೇಳಿಕೊಟ್ಟ ಉಪಾಯ ಅವನಿಗೆ ಗೊತ್ತಿತ್ತು. ಮಗಳ ಬಲ ಹೊಳ್ಳೆಯನ್ನು ಬೆರಳಿನಿಂದ ಒತ್ತಿ ಮುಚ್ಚಿದ, ಬಾಯಿಗೆ ಬಾಯಿಟ್ಟು ಜೋರಾಗಿ ಊದಿದ. ಮೂರನೇ ಸಲಕ್ಕೆ ಕಾಳು ಹಾರಿ ಬಂದು ಅವನ ಕೆನ್ನೆಗೆ ಬಡಿಯಿತು. ಕೆನ್ನೆ ಒರೆಸಿಕೊಳ್ಳುವುದನ್ನೂ ಮರೆತು ಅವನು ನಕ್ಕ.

"ಆಯ್ತು, ಇಳಿ. ನಾಳೆ ಮೈಸೂರೂ ಬೇಡ, ಸ್ಕ್ಯಾನೂ ಬೇಡ."

ಅನುಶ್ರೀ ಸ್ಟೂಲಿನಿಂದ ಇಳಿದು ನೀಲಿ ಟೋಕನ್ನನ್ನು ಮೇಜಿನ ಮೇಲಿಟ್ಟು ಎದುರು ಕೋಣೆಯತ್ತ ಹೊರಟಳು.

"ಈಗ ಹೋಗ್ಬೇಡ ಪುಟ್ಟಿ. ಅಮ್ಮನ ಹತ್ರ ಪೇಷಂಟ್ ಇದಾರೆ, ಮನೇಲಿ ಹೇಳೋಣ."

ಅವಳು ಅಷ್ಟು ಹೊತ್ತೂ ಮುಚ್ಚಿಕೊಂಡಿದ್ದ ಎಡಗೈ ಬಿಚ್ಚಿದಳು. ಅಂಗೈ ಬೆವರಿನಲ್ಲಿ ಒದ್ದೆಯಾದ ಕೆಂಪು ಟೋಕನ್ ಅದರಲ್ಲಿತ್ತು.

"ನಂದು ಇಪ್ಪತ್ತೊಂದು," ಎಂದಳು. "ಕಿವೀಲೂ ಒಂದಿದೆ. ಅದನ್ನ ಅಮ್ಮಂಗೆ ಅಂತ ಇಟ್ಕೊಂಡಿದೀನಿ."