ಗೊತ್ತಿರುವ ಊರು

“ಭಾವ, ಕೋಟೆ ಮೊದಲು ನೋಡೋದಾ, ಕೆರೆ ಮೊದಲಾ?” ಎಂದು ನಾದಿನಿ ಕೇಳಿದಾಗ ಬಸ್ ಡ್ರೈವರು ಬಾಯಲ್ಲಿದ್ದ ಚಹಾ ನುಂಗಲು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡ.

ಶಾಲೆಗೆ ರಜ ಸಿಕ್ಕಿದ್ದೇ ತಡ, ಟೀಚರ್ ಆಗಿದ್ದ ನಾದಿನಿ ಅಕ್ಕನ ಮನೆಗೆ ಬಂದಿಳಿದಿದ್ದಳು. ಬಂದವಳೇ ಎಲ್ಲಾದರೂ ಹೋಗಿಬರೋಣ ಎಂದು ಹಟ ಹಿಡಿದಳು. ಹಗಲಿಡೀ ಬಸ್ಸಿನ ದಾರಿಯಾಗುವ ಆ ಸಣ್ಣ ಶಹರವನ್ನು ಆರಿಸಿದ್ದು ಮಾತ್ರ ಅಕ್ಕ. ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಮನೆಯ ಪರದೆಗಳಿಗೆ ಅಂಚು ಹೊಲಿಯುತ್ತಲೇ ಅವಳು ಹೇಳಿದ್ದಳು: “ನಮ್ಮನೆಯವರು ಮದುವೆಗೆ ಮುಂಚಿನಿಂದ್ಲೂ ಅದೇ ರೂಟು. ಒಂದು ದಿನ ಬಿಟ್ಟು ಒಂದು ದಿನ ಅಲ್ಲೇ ಮಲಗೋದು. ಆ ಊರಿನ ಸಂದಿಗೊಂದಿಯೆಲ್ಲಾ ಗೊತ್ತು ಅವರಿಗೆ. ನಮಗೆ ಬೇರೆ ಯಾರ ಹಂಗೂ ಬೇಡ.”

“ಯಾವುದಾದ್ರೇನು, ಎರಡೂ ಎಲ್ಲಿಗೂ ಓಡಿಹೋಗಲ್ಲ,” ಎಂದ ಡ್ರೈವರು.

“ಅಕ್ಕನ ಮಂಡಿ ನೋವಿಗೆ ಕೋಟೆ ಹತ್ತೋಕಾಗುತ್ತಾ?”

“ಆಗಬಹುದು.”

“ಆಗಬಹುದು ಅಂದ್ರೆ? ಮೆಟ್ಟಿಲಿದೆಯೋ, ಬರೀ ಏರುದಾರಿಯೋ?”

ಡ್ರೈವರು ಅಂಗಿಯ ಗುಂಡಿಯನ್ನು ಸುಮ್ಮನೆ ಬಿಚ್ಚಿ ಮತ್ತೆ ಹಾಕಿಕೊಂಡ. “ಆ ಊರೇ ಯಾಕೆ? ಬರೀ ಬಿಸಿಲು, ಧೂಳು. ಸಮುದ್ರದ ಕಡೆ ಹೋಗೋಣ ಬಿಡಿ.”

ಯಂತ್ರದ ಸದ್ದು ನಿಂತಿತು. ಹೆಂಡತಿ ತಲೆಯೆತ್ತಿದಳು. ಭಾವನನ್ನು ಗೋಳು ಹೊಯ್ದುಕೊಳ್ಳುವುದು ತನ್ನ ಹಕ್ಕು ಎಂದುಕೊಂಡಿದ್ದ ನಾದಿನಿ ಕಿಸಕ್ಕನೆ ನಕ್ಕಳು. “ಅಕ್ಕಾ, ನನಗ್ಯಾಕೋ ಅನುಮಾನ. ಭಾವ ಅಲ್ಲೊಂದು ಸಂಸಾರ ಹೂಡಿದ್ದಾರೆ. ನಾವು ಹೋದ್ರೆ ಬಣ್ಣ ಬಯಲಾಗುತ್ತೆ ಅಂತ ಭಯ!”

ಬೇರೆ ದಿನವಾಗಿದ್ದರೆ ‘ಹೌದಮ್ಮ, ಅವಳಿಗೂ ನಿನ್ನಂಥ ತಂಗಿಯೊಬ್ಬಳಿದ್ದಾಳೆ, ಅದೇ ಫಜೀತಿ’ ಎಂದು ಅವಳ ಬಾಯಿ ಮುಚ್ಚಿಸುತ್ತಿದ್ದ. ಇವತ್ತು “ಬಾಯಿಗೆ ಬಂದಹಾಗೆ ಮಾತಾಡ್ಬೇಡ!” ಎಂದು ರೇಗಿ, ಅರ್ಧ ಚಹಾ ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ. ಬೀದಿಯ ತಿರುವಿನಲ್ಲಿ ನಿಂತು ತನ್ನ ಕಂಡಕ್ಟರಿಗೆ ಫೋನು ಹಚ್ಚಿದ.

“ನೀನು ಆ ಊರಿನ ಕೋಟೆ ನೋಡಿದೀಯೇನಯ್ಯಾ?”

“ಕೋಟೆನಾ?” ಕಂಡಕ್ಟರ್ ಆಕಳಿಸಿದ. “ಆ ಊರಲ್ಲಿ ಕೋಟೆ ಇದೆಯಾ ಅಣ್ಣ?”

ಅವನು ವಾಪಸ್ ಬಂದಾಗ ನಾದಿನಿ ತಲೆಕೂದಲು ಒಣಗಿಸಲು ಮಹಡಿಗೆ ಹೋಗಿದ್ದಳು. ಹೆಂಡತಿ ಯಂತ್ರದ ಮುಂದೆಯೇ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಕಣ್ಣು ಮುಚ್ಚಿಕೊಂಡೇ ಆ ಕೆಲಸ ಮಾಡಬಲ್ಲವಳಿಗೆ ಇವತ್ತು ದಾರ ಒಳಗೆ ಹೋಗಲೊಲ್ಲದು. ಎಂಜಲು ಹಚ್ಚಿ ಹೊಸೆದಳು, ಮತ್ತೆ ತಪ್ಪಿತು. ಅದನ್ನು ಅವನು ಬಾಗಿಲಲ್ಲಿ ನಿಂತೇ ನೋಡಿದ.

“ಅವಳೇನೋ ತಮಾಷೆಗೆ ಅಂದ್ಲು. ನಾನು ತಮಾಷೆಗೆ ಕೇಳ್ತಿಲ್ಲ,” ಎಂದಳು, ಅವನ ಕಡೆ ತಿರುಗದೆ. “ಯಾರಿದ್ದಾರ್ರೀ ಅಲ್ಲಿ?”

ಅವನಿಗೆ ಸಿಟ್ಟು ಬರಲಿಲ್ಲ. ಬಂದು ಪರದೆಯ ರಾಶಿಯನ್ನು ಸರಿಸಿ ಪಕ್ಕದಲ್ಲಿ ಕೂತ. “ಯಾರೂ ಇಲ್ಲ ಕಣೇ. ಆ ಊರಲ್ಲಿ ನನಗೆ ಒಬ್ಬರೂ ಗೊತ್ತಿಲ್ಲ. ಊರೂ ಗೊತ್ತಿಲ್ಲ.”

“ಅಂದ್ರೆ?”

“ಬಸ್ ಸ್ಟ್ಯಾಂಡ್ ಗೊತ್ತು. ಅದರ ಮಹಡಿ ಮೇಲೆ ನಾವು ಮಲಗೋ ರೂಮು ಗೊತ್ತು. ಹೊತ್ತು ಮುಳುಗೋವಾಗ ಗಾಡಿ ನಿಲ್ಲಿಸ್ತೀನಿ, ಕೈಕಾಲು ತೊಳ್ಕೊಂಡು ಬಿದ್ಕೋತೀನಿ, ಬೆಳಕು ಹರಿಯೋ ಮುಂಚೆ ಹೊರಡ್ತೀನಿ. ಊರ ಬಾಗಿಲಲ್ಲಿ ಕೋಟೆಗೆ ದಾರಿ ಅಂತ ಒಂದು ಬೋರ್ಡಿದೆ. ಬಾಣದ ಗುರುತು ಎಡಕ್ಕಿದೆ. ನನ್ನ ಬಸ್ಸು ಬಲಕ್ಕೆ ತಿರುಗುತ್ತೆ.”

“ಇಷ್ಟು ವರ್ಷದಲ್ಲಿ ಒಂದು ಸಂಜೆಯಾದ್ರೂ ಒಂದು ಸುತ್ತು ಹಾಕ್ಬಹುದಿತ್ತಲ್ಲ?”

“ನಿದ್ದೆಗೆಟ್ಟು ಗಾಡಿ ಓಡಿಸೋದಾ? ಹಿಂದೆ ಜನ ನನ್ನ ನಂಬ್ಕೊಂಡು ಕೂತಿರ್ತಾರೆ. ಮೊದಮೊದಲು ನಾಳಿದ್ದು ನೋಡೋಣ, ಮುಂದಿನ ಸಲ ನೋಡೋಣ ಅಂತಿದ್ದೆ. ಆಮೇಲೆ ಹಾಗೆ ಅನ್ನೋದೂ ಬಿಟ್ಟುಹೋಯ್ತು.” ಅವನು ಸೂಜಿದಾರವನ್ನು ಅವಳ ಕೈಯಿಂದ ತೆಗೆದುಕೊಂಡ. ಪೋಣಿಸಲು ಅವನಿಗೂ ಬರಲಿಲ್ಲ. “ನೀನು ಕಂಡಕಂಡವರ ಹತ್ರ ಹೇಳ್ಕೊಂಡು ಬರ್ತೀಯ, ನಮ್ಮನೆಯವರಿಗೆ ಆ ಊರೆಲ್ಲಾ ಗೊತ್ತು ಅಂತ. ಅದೂ ನಿನ್ನ ತಂಗಿ ಮುಂದೆ. ಯಾವ ಮುಖ ಇಟ್ಕೊಂಡು ಇಲ್ಲ ಅನ್ಲಿ?”

ಹೆಂಡತಿ ಅವನ ಮುಖವನ್ನೇ ನೋಡಿದಳು. ಹೊಲಿದ ಬಟ್ಟೆಯನ್ನು ತಿರುಗಿಸಿ ಒಳಗಿನ ಹೊಲಿಗೆ ಪರೀಕ್ಷಿಸುವವಳ ಹಾಗೆ, ನಿಧಾನವಾಗಿ ನೋಡಿದಳು. ಸುಳ್ಳು ಸಿಗಲಿಲ್ಲ. ಆಮೇಲೆ ಅವಳಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಯಾರದೋ ಮನೆಯ ಪರದೆಯ ತುದಿಯಿಂದಲೇ ಕಣ್ಣು ಒರೆಸಿಕೊಂಡು ಮಹಡಿಯ ಕಡೆಗೆ ಕೂಗಿದಳು: “ಲೇ, ಮೂರು ಟಿಕೆಟ್ ಮಾಡೇ, ಅದೇ ಊರಿಗೆ! ಕಿಟಕಿ ಸೀಟು ನಿಮ್ಮ ಭಾವನಿಗೆ!”

ಡ್ರೈವರು ಉಸಿರುಬಿಟ್ಟು, ಆರಿದ ಚಹಾಕ್ಕೆ ಕೈ ಚಾಚಿದ. ಹೆಂಡತಿ ಯಂತ್ರದ ಚಕ್ರದ ಮೇಲೆ ಕೈಯಿಟ್ಟಳು, ಆದರೆ ತಿರುಗಿಸಲಿಲ್ಲ. ಈಗ ಅವಳ ಮುಖದಲ್ಲಿ ನಗು ಇರಲಿಲ್ಲ.

“ಯಾರಾದ್ರೂ ಒಬ್ಬಳು ಇದ್ದಿದ್ರೆ,” ಎಂದಳು ಮೆಲ್ಲಗೆ, “ಅವಳಾದ್ರೂ ನಿಮಗೆ ಊರು ತೋರಿಸ್ತಿದ್ಲಲ್ರೀ.”