ಸುಮ್ಮನೆ ನೋಡುತ್ತ ಕೂತವನು

ವಿದ್ಯುತ್ ಚಿತಾಗಾರದ ಹೊರಗಿನ ಬೆಂಚಿನಲ್ಲಿ ಇಬ್ಬರು ಗೆಳೆಯರು ಅಮೆರಿಕದ ಅಧ್ಯಕ್ಷರ ಬಗ್ಗೆ ವಾದಕ್ಕೆ ಬಿದ್ದಿದ್ದರು.

“ಚರಿತ್ರೆಯಲ್ಲೇ ಅತಿ ಕೆಟ್ಟವನು ನಿಕ್ಸನ್. ದೇಶಕ್ಕೇ ಸುಳ್ಳು ಹೇಳಿದ,” ಎಂದ ಗಡ್ಡದವನು.

“ಅಲ್ಲ, ಬುಕಾನನ್. ಕಣ್ಣೆದುರೇ ದೇಶ ಒಡೀತಿತ್ತು, ಸುಮ್ನೆ ನೋಡ್ತಾ ಕೂತಿದ್ದ,” ಎಂದ ಕನ್ನಡಕದವನು.

“ಆಯ್ತಪ್ಪ, ಅವನೇ.”

“ಒಪ್ಕೋಬೇಡ. ವಾದ ಮಾಡು.”

ನೆರೆಮನೆಯ ಅಜ್ಜನ ಸರದಿಗೆ ಕಾಯುತ್ತಿದ್ದ ನನಗೆ ರೇಗಿತು. “ಸ್ವಲ್ಪ ಮೆಲ್ಲಗೆ ಮಾತಾಡಿ. ಹೆಣ ತಂದವರು ಕೂತಿರೋ ಜಾಗ ಇದು.”

“ತಪ್ಪಾಯ್ತು ಸಾರ್,” ಎಂದ ಕನ್ನಡಕದವನು, ದನಿ ತಗ್ಗಿಸಿ ಮತ್ತೆ ಬುಕಾನನ್‌ನನ್ನೇ ಹಿಡಿದ.

ಒಳಗಿನಿಂದ ಕೆಲಸದವನು ಅಸ್ಥಿಯ ಮಡಕೆ ಹಿಡಿದು ಬಂದ. “ಆ ಹುಡುಗಿಯ ತಂದೆ ಯಾರು?”

ಕನ್ನಡಕದವನು ಎದ್ದ.

“ನೀನು ನಿಕ್ಸನ್‌ನ ಬಿಟ್ಕೊಡಬೇಡ,” ಎಂದ ಗೆಳೆಯನಿಗೆ. “ಈಗ ಬಂದೆ.”