ಖಾಲಿ ಡಬ್ಬಿಗಳ ಔಷಧಿ ಅಂಗಡಿ

ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತವನಿಗೆ ಅದು ಆ ವಾರದ ಮೂರನೆಯ ಶೇವಿಂಗ್. ಕೆನ್ನೆ ಆಗಲೇ ಸುಲಿದು ಕೆಂಪಾಗಿತ್ತು. "ಬರೀ ನೊರೆ ಹಚ್ಚಣ್ಣ, ಕತ್ತಿ ಬೇಡ" ಎಂದು ಗೋಗರೆಯುತ್ತಿದ್ದ.

ಎದುರಿನ ಔಷಧಿ ಅಂಗಡಿಯಲ್ಲಿ ಅಂಚೆಯಣ್ಣ ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಮೂವತ್ತು ವರ್ಷ ಊರಿಗೆಲ್ಲ ಕಾಗದ ಹಂಚಿದವನು. ಕೆಲಸ ಹೋದರೂ ಹೆಸರು ಹೋಗಿರಲಿಲ್ಲ. ಅತಿಥಿಗಳು ಬರುವ ದಿನ ಮಾತ್ರ ಔಷಧಿ ಅಂಗಡಿಯವನು. ಹಿಂದಿನ ಕಪಾಟಿನ ತುಂಬ ಡಬ್ಬಿಗಳಿದ್ದವು. ಒಂದರಲ್ಲೂ ಒಂದು ಗುಳಿಗೆ ಇರಲಿಲ್ಲ.

ಹೊಸ ನಗರಕ್ಕೆ ಅಗಲವಾದ ರಸ್ತೆಗಳಿದ್ದವು, ಹನ್ನೆರಡು ಮಹಡಿಯ ಕಟ್ಟಡಗಳಿದ್ದವು. ಸರಕಾರದ ಕಾನೂನು ಗೇಟಿನ ಹೊರಗೇ ನಿಲ್ಲಬೇಕು. ಒಳಗೆ ನಗರದ್ದೇ ಕಾನೂನು, ನಗರದ್ದೇ ನ್ಯಾಯಾಲಯ. ಇಷ್ಟೆಲ್ಲ ಇದ್ದರೂ ಜನ ಮಾತ್ರ ಇರಲಿಲ್ಲ. ಹಾಗಾಗಿ ಅತಿಥಿಗಳ ಬಸ್ಸು ಬರುವ ದಿನ ಹಳೆಯ ಊರಿನವರನ್ನು ಹಿಂದಿನ ಗೇಟಿನಿಂದ ವ್ಯಾನಿನಲ್ಲಿ ತುಂಬಿ ತಂದು, ಇಸ್ತ್ರಿ ಬಟ್ಟೆ ತೊಡಿಸಿ, ಒಬ್ಬೊಬ್ಬರನ್ನು ಒಂದೊಂದು ಕಡೆ ನಿಲ್ಲಿಸುತ್ತಿದ್ದರು. ಸಂಜೆ ಬಟ್ಟೆ ವಾಪಸ್.

ಕ್ಷೌರದಂಗಡಿಯ ಮೇಲೆ, ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ಅಂಚೆಯಣ್ಣನ ಅಕ್ಕ ಬಟ್ಟೆ ಒಣಹಾಕುತ್ತಿದ್ದಳು. ಯಾರದೋ ಬಟ್ಟೆ, ಸುಮ್ಮನೆ ನಲ್ಲಿಯಡಿ ನೆನೆಸಿದ್ದು. ಅವಳು ಕೆಳಗೆ ನೋಡಲಿಲ್ಲ. ನಾಲ್ಕು ವರ್ಷದಿಂದ ತಮ್ಮನ ಮುಖ ನೋಡುವುದನ್ನೇ ಬಿಟ್ಟಿದ್ದಳು.

ಹೊಸ ನಗರಕ್ಕೆ ಜಮೀನು ಕೊಟ್ಟರೆ ಅಲ್ಲೇ ಮನೆ ಎಂಬ ಒಪ್ಪಿಗೆ ಪತ್ರ ಹಿಡಿದು ಮನೆಮನೆ ತಿರುಗಿದವನು ಅವನೇ. "ಇವತ್ತಿನವರೆಗೆ ನನ್ನ ಕೈಯಿಂದ ಸುಳ್ಳು ಕಾಗದ ಬಂದಿದೆಯಾ?" ಎಂದು ಕೇಳಿದ್ದ. ಬಂದಿರಲಿಲ್ಲ. ಊರಿಗೆ ಊರೇ ಸಹಿ ಹಾಕಿತು, ಎಲ್ಲರಿಗಿಂತ ಮೊದಲು ಅಕ್ಕ. ಈಗ ಆ ಊರು ಗೋಡೆಯಾಚೆ ತಗಡಿನ ಶೆಡ್ಡುಗಳಲ್ಲಿತ್ತು. ಅವನೂ ನಂಬಿಯೇ ಹೇಳಿದ್ದ. ಅದರಿಂದ ನಾಚಿಕೆಯೇನೂ ಕಡಿಮೆಯಾಗಿರಲಿಲ್ಲ. ಶೆಡ್ಡುಗಳ ನಡುವೆ ನೆಲ ನೋಡಿಕೊಂಡೇ ನಡೆಯುತ್ತಿದ್ದ.

"ಇವತ್ತು ಬರೋರು ತುಂಬ ಮುಖ್ಯ" ಎಂದು ಮೇಲ್ವಿಚಾರಕ ಬೆಳಿಗ್ಗೆಯೇ ಹೇಳಿದ್ದ. "ಇವರು ಹೂಂ ಅಂದ್ರೆ ಎರಡನೇ ಹಂತ ಶುರು. ಶುರುವಾದ ದಿನವೇ ನಿಮ್ಮಕ್ಕನಿಗೆ ಮನೆ. ನೀವು ಮಾತಾಡೋದ್ರಲ್ಲಿ ಇದೆ ಎಲ್ಲ." ಅಷ್ಟು ಹೇಳಿ, ಅಕ್ಕನ ಹೆಸರು ಬರೆದ ಹಂಚಿಕೆ ಪತ್ರ ತೋರಿಸಿ ಮತ್ತೆ ಜೇಬಿಗಿಟ್ಟುಕೊಂಡಿದ್ದ.

ಬರುವವರು ದುಡ್ಡು ಹೂಡುವ ದೊಡ್ಡ ಮನುಷ್ಯರು. ಇಲ್ಲೊಂದಿಷ್ಟು ಹೋದರೆ ಅವರ ಮನೆಯಲ್ಲೇನೂ ಒಲೆ ಆರುವುದಿಲ್ಲ. ಹಾಗೆಂದು ಅಂಚೆಯಣ್ಣ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಕಿಟಕಿಗೆಲ್ಲ ಪರದೆ ಎಳೆದ ಬಸ್ಸು ಬಂದು ನಿಂತಿತು. ಮಡಿಕೆಯ ಗೆರೆ ಇನ್ನೂ ಮಾಸದ ಹೊಸ ಬಟ್ಟೆಯವರು ಒಬ್ಬೊಬ್ಬರಾಗಿ ಇಳಿದರು. ಅವರಲ್ಲೊಬ್ಬರು, ಅರವತ್ತರ ಆಸುಪಾಸಿನವರು, ಕುಂಟುತ್ತ ಸೀದಾ ಔಷಧಿ ಅಂಗಡಿಗೇ ಬಂದರು.

"ಬೂಟು ಕಚ್ಚಿದೆ. ಮುಲಾಮು ಏನಾದ್ರೂ ಇದೆಯಾ?"

ಅಂಚೆಯಣ್ಣ ಕಪಾಟಿಗೆ ಅಡ್ಡವಾಗಿ ನಿಂತ. "ಈಗ ತಾನೇ ಖಾಲಿ ಆಯ್ತು ಸಾರ್. ಎಷ್ಟು ತಂದಿಟ್ರೂ ಸಾಲೋದಿಲ್ಲ."

"ಅಷ್ಟೊಂದು ಜನ ಇದ್ದಾರಾ?"

"ನೀವೇ ನೋಡ್ತಿದ್ದೀರಲ್ಲ."

ಅವರು ತಿರುಗಿ ನೋಡಿದರು. ಕ್ಷೌರದ ಕುರ್ಚಿಯವನು ನೊರೆ ಮುಖದಲ್ಲೇ ಹಲ್ಲು ಕಿರಿದ.

"ನೀರು?"

"ನಲ್ಲಿ ತಿರುಗಿಸಿದ್ರೆ ಬರುತ್ತೆ."

"ಏನಾದ್ರೂ ತಕರಾರು ಆದ್ರೆ?"

"ಇಲ್ಲಿಯದೇ ಕೋರ್ಟಿದೆ ಸಾರ್. ನಾನೇ ಒಂದು ದೂರು ಕೊಟ್ಟಿದ್ದೆ, ಮೂರೇ ದಿನಕ್ಕೆ ತೀರ್ಪು ಬಂತು."

ಅದು ಅಪ್ಪಟ ನಿಜ. ಮನೆ ಕೊಡುತ್ತೇವೆಂದು ಒಪ್ಪಂದದಲ್ಲಿದೆ, ಯಾವಾಗ ಎಂದಿಲ್ಲ; ಆದ್ದರಿಂದ ದೂರು ವಜಾ ಎಂದು ಮೂರೇ ದಿನಕ್ಕೆ ಬರೆದು ಕೊಟ್ಟಿದ್ದರು.

"ಮೂರು ದಿನ!" ಅತಿಥಿ ಹುಬ್ಬೇರಿಸಿದರು. "ನಮ್ಮಪ್ಪ ಹಾಕಿದ ಕೇಸು ಇನ್ನೂ ನಡೀತಾ ಇದೆ." ಆಮೇಲೆ ಕೌಂಟರಿನ ಮೇಲೆ ಬಾಗಿ ದನಿ ತಗ್ಗಿಸಿದರು. "ಒಂದು ಮಾತು ಕೇಳ್ತೀನಿ. ನಿಮ್ಮ ಒಡಹುಟ್ಟಿದವರಿಗೆ ಹೇಳೋ ಹಾಗೆ ಹೇಳಿ. ಇವರನ್ನ ನಂಬಬಹುದಾ?"

ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅಂಚೆಯಣ್ಣನ ಕಣ್ಣು ಬಾಲ್ಕನಿಯತ್ತ ಹೋಯಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಅಕ್ಕ ಅವನನ್ನೇ ನೋಡುತ್ತಿದ್ದಳು. ತಗಡಿನ ಕೆಳಗೆ ಅವಳು ಕಳೆದ ನಾಲ್ಕು ಬೇಸಿಗೆ ನೆನಪಾಯಿತು.

"ನಮ್ಮಕ್ಕನೇ ಅಲ್ಲಿದ್ದಾಳೆ, ನೋಡಿ" ಎಂದ. "ನಾನೇ ಒಪ್ಪಿಸಿದ್ದು."

"ಚೆನ್ನಾಗಿದ್ದಾರಾ?"

"ತುಂಬ ಚೆನ್ನಾಗಿದ್ದಾಳೆ."

ಮಾತು ಮೇಲಕ್ಕೂ ಕೇಳಿಸಿರಬೇಕು. ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಒಳಗೆ ಹೋದಳು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು ಅವನಿಗೆ. ಆದರೂ ಕೆಲಸ ಆಗಿತ್ತು. ರಸ್ತೆಯಂಚಿನಲ್ಲಿ ನಿಂತಿದ್ದ ಮೇಲ್ವಿಚಾರಕ ತಲೆಯಾಡಿಸುತ್ತಿದ್ದ. ಮೋಸ ಹೋದವರು ದೊಡ್ಡವರು, ಹೇಗೋ ತಡೆದುಕೊಳ್ಳುತ್ತಾರೆ ಎಂದು ಅಂಚೆಯಣ್ಣ ಇನ್ನೊಮ್ಮೆ ಹೇಳಿಕೊಂಡ.

ಅತಿಥಿ ಕೌಂಟರಿನಾಚೆ ಕೈ ಚಾಚಿ ಅವನ ಎರಡೂ ಕೈ ಹಿಡಿದುಕೊಂಡರು. ಅಂಗೈ ತುಂಬ ಗುದ್ದಲಿ ಹಿಡಿದು ಜಡ್ಡುಗಟ್ಟಿದ ಗಂಟುಗಳು.

"ನೆಮ್ಮದಿ ಆಯ್ತಣ್ಣ" ಎಂದರು. "ನಮ್ಮೂರು ಬೆಟ್ಟದಾಚೆ, ಮುನ್ನೂರು ಮನೆ. ಎರಡನೇ ಹಂತಕ್ಕೆ ನಮ್ಮ ಜಮೀನೇ ಬೇಕಂತೆ. ನಾವು ನೋಡ್ಕೊಂಡು ಬಂದು ಹೂಂ ಅಂದ್ರೆ ಸಹಿ ಹಾಕೋಣ ಅಂತ ಎಲ್ಲರೂ ದಾರಿ ಕಾಯ್ತಿದ್ದಾರೆ."